ಮೆಲ್ಲಗೆ ಕೂಗುವ ಹುಂಜ

ಹೋದ ವಾರ ಚಾಮರಾಜಪೇಟೆಯಲ್ಲಿ ಆಫೀಸು ಮುಗಿಸಿ ಬಸ್ಸಿಗೆಂದು ನಡೆಯುತ್ತಿದ್ದಾಗ ಮಳೆ ಹಿಡಿಯಿತು. ಬೂಸಾ, ಹಿಂಡಿ ಮಾರುವ ಹಳೆಯ ಅಂಗಡಿಯೊಂದರ ಸೂರಿನ ಕೆಳಗೆ ನಿಂತೆ. ಬಾಗಿಲ ಬಳಿ ಇಟ್ಟಿದ್ದ ಮೂಟೆಗೆ ಇರಚಲು ಹೊಡೆದು ತೌಡು ನೆನೆಯುತ್ತಿತ್ತು. ನೆನೆದ ತೌಡಿಗೆ ಒಂದು ವಾಸನೆಯಿದೆ. ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಮುಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆದಾಗ ಬರುವಂಥದ್ದು. ಅಂಗಡಿಯವರು ಮೂಟೆಯನ್ನು ಒಳಗೆ ಎಳೆದುಕೊಂಡರು. ಮಳೆ ನಿಂತಿತು. ನಾನು ಮಾತ್ರ ಇನ್ನೂ ಅಲ್ಲೇ ನಿಂತಿದ್ದೆ. ಅಕ್ಕ ಮದುವೆಯಾಗಿ ಹೋದ ವರ್ಷ, ಆ ಮಳೆಗಾಲವಿಡೀ ನನ್ನ ಕೈಗಳಿಗೆ ಈ ವಾಸನೆ ಅಂಟಿಕೊಂಡಿತ್ತು. ಸೋಪು ಹಾಕಿ ಎಷ್ಟು ತೊಳೆದರೂ ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಬೆರಳಿಂದ ಮೂಗಿಗೆ ಬಡಿಯುತ್ತಿತ್ತು.

ಅಕ್ಕ ಮದುವೆಯಾದಾಗ ಅವಳಿಗೆ ಐವತ್ತು ದಾಟಿತ್ತು. ನಾನು ಅವಳಿಗಿಂತ ಏಳೆಂಟು ವರ್ಷ ಚಿಕ್ಕವಳು. ನಮ್ಮದು ಮಾಗಡಿ ಕಡೆಯ ಹಳ್ಳಿಯಿಂದ ಬಂದ ಕುಟುಂಬ. ಅಪ್ಪ ಗವಿಪುರದಲ್ಲಿ ಹೆಂಚಿನ ಮನೆ ಕಟ್ಟಿಸಿದಾಗ ಹಿಂದೆ ಒಂದಿಷ್ಟು ಹಿತ್ತಿಲು ಬಿಟ್ಟುಕೊಂಡಿದ್ದರು. ಹಳ್ಳಿ ಬಿಟ್ಟು ಬಂದರೂ ಕೋಳಿ ಸಾಕುವುದನ್ನು ಬಿಟ್ಟಿರಲಿಲ್ಲ. ಅಮ್ಮ ಬೇಗ ಹೋಗಿಬಿಟ್ಟಳು. ನನಗೆ ಜಡೆ ಹೆಣೆದದ್ದು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು, ಪರೀಕ್ಷೆಯ ದಿನ ಕಾಲೇಜಿನ ಗೇಟಿನವರೆಗೆ ಬಂದು ನಿಂತದ್ದು ಎಲ್ಲ ಅಕ್ಕ ಜಯಲಕ್ಷ್ಮಿಯೇ. ತಂಗಿಯ ಓದು ಮುಗಿಯಲಿ ಎಂದು ಅವಳು ಮದುವೆ ಮುಂದೂಡಿದಳು. ಅವಳದಾಗದೆ ನನ್ನದು ಹೇಗೆ ಎಂದು ನಾನು ಮುಂದೂಡಿದೆ. ಆಮೇಲೆ ಕೇಳುವವರೂ ಕೇಳುವುದನ್ನು ಬಿಟ್ಟರು. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ನಾವಿಬ್ಬರೇ. ಅವಳು ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ. ಬೇಸರವೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ತುಮಕೂರಿನ ರಂಗಸ್ವಾಮಿಯವರು ಅಕ್ಕ ಕೆಲಸ ಮಾಡುತ್ತಿದ್ದ ಬ್ಯಾಂಕಿನ ಗೆಳತಿಯೊಬ್ಬಳ ಅಣ್ಣ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಗುನಗುತ್ತ ಮಾತಾಡುವ, ಎದುರಿಗಿರುವವರ ಮಾತನ್ನೂ ಕೇಳುವ ಮನುಷ್ಯ. ಅಕ್ಕ ನನ್ನ ಮುಂದೆ ಕೂತು ವಿಷಯ ಹೇಳಿದಾಗ ಅವಳ ಕಿವಿ ಕೆಂಪಾಗಿತ್ತು. "ನೀನು ಬೇಡ ಅಂದ್ರೆ ಬೇಡ ಸುಮಿ" ಅಂದಳು. ಬೇಡ ಎನ್ನಲು ನನಗೆ ಒಂದು ಕಾರಣವೂ ಇರಲಿಲ್ಲ. ವೈಶಾಖದಲ್ಲಿ ದೇವಸ್ಥಾನದಲ್ಲೇ ಸರಳವಾಗಿ ಮದುವೆಯಾಯಿತು. ನಾನೇ ಓಡಾಡಿ ಎಲ್ಲ ಮಾಡಿದೆ. ಬಂದವರೆಲ್ಲ ನನ್ನ ಕೈ ಹಿಡಿದು, ಎಂಥ ಒಳ್ಳೆ ತಂಗಿ ಎಂದರು. ಸಾವಿನ ಮನೆಗಾದರೆ ಜನ ಬಂದು ಕೂತು, ಊಟ ಮಾಡಿದಿರಾ, ನಿದ್ದೆ ಬಂತಾ ಎಂದು ಕೇಳುತ್ತಾರೆ. ಮದುವೆಯಾದ ಮನೆಗೆ ಹಾಗೆ ಯಾರೂ ಬರುವುದಿಲ್ಲ. ಮರುದಿನ ಬೆಳಿಗ್ಗೆ ಎರಡು ಲೋಟ ಕಾಫಿ ಬೆರೆಸಿಬಿಟ್ಟೆ. ಎರಡನ್ನೂ ಕುಡಿದು ಆಫೀಸಿಗೆ ಹೋದೆ.

ಅಕ್ಕ ನನಗೆ ಬಿಟ್ಟು ಹೋದದ್ದು ಅವಳ ಕೋಳಿಗಳನ್ನು. ಮೊಟ್ಟೆಯಿಡುವ ಒಂದಿಷ್ಟು ಹೇಟೆಗಳು, ಅವುಗಳಿಗೆ ಒಂದು ಹುಂಜ. ಹುಂಜಕ್ಕೆ ಅವಳು ದೊರೆ ಎಂದು ಹೆಸರಿಟ್ಟಿದ್ದಳು. ಬೆಂಕಿಯ ಬಣ್ಣದ ಕತ್ತು, ಹಸಿರು ಮಿಂಚುವ ಬಾಲ. ಬೆಳಕು ಹರಿಯುವ ಮುಂಚೆಯೇ ಹಿತ್ತಿಲ ಗೋಡೆ ಹತ್ತಿ ಕೂಗಲು ನಿಂತರೆ ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು. ಅಕ್ಕ ಇದ್ದಷ್ಟು ದಿನ ಯಾರೂ ಅದರ ಬಗ್ಗೆ ಚಕಾರವೆತ್ತಿರಲಿಲ್ಲ. ಏಕೆಂದರೆ ಅವಳು ಗೋಡೆಯ ಬಳಿ ನಿಂತು ಎಲ್ಲರೊಂದಿಗೂ ಮಾತಾಡುತ್ತಿದ್ದಳು. ಒಬ್ಬರಿಗೆ ಕರಿಬೇವು, ಇನ್ನೊಬ್ಬರಿಗೆ ಸೀಬೆಹಣ್ಣು, ಮತ್ತೊಬ್ಬರ ಮಗಳ ಪರೀಕ್ಷೆಯ ವಿಚಾರಣೆ. ನಾನು ತಲೆ ತಗ್ಗಿಸಿ ಹೋಗಿ ತಲೆ ತಗ್ಗಿಸಿ ಬರುವವಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ತುಮಕೂರಿನಿಂದ ಫೋನು ಬರುತ್ತಿತ್ತು.

"ಕೋಳಿ ಎಲ್ಲಾ ಗೂಡು ಸೇರಿದ್ವಾ?"

"ಸೇರಿದ್ವು."

"ಆ ಕರೀದು ಕಾವಿಗೆ ಕೂತಿತ್ತಲ್ಲ, ಎದ್ದು ಮೇಯ್ತಾ ಇದೆಯಾ?"

"ಮೇಯ್ತಿದೆ. ತೌಡು ಕಲಸಿಟ್ಟೆ."

"ದೊರೆ?"

"ಚೆನ್ನಾಗಿದಾನೆ."

ಅಷ್ಟಾದ ಮೇಲೆ ಊಟ ಆಯಿತಾ ಎನ್ನುತ್ತಿದ್ದಳು. ಆಯಿತು ಎನ್ನುತ್ತಿದ್ದೆ. ಅವಳ ಹೊಸ ಮನೆಯ ಬಗ್ಗೆ ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ನನ್ನ ಹಳೆಯ ಮನೆಯ ಬಗ್ಗೆ ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಕೋಳಿಗಳಿದ್ದುದರಿಂದ ನಮಗೆ ದಿನಕ್ಕೊಂದಿಷ್ಟು ಮಾತಿತ್ತು. ಅವೂ ಇಲ್ಲದಿದ್ದರೆ ಏನು ಮಾತಾಡುತ್ತಿದ್ದೆವೋ ಎಂದು ಯೋಚಿಸಿದಾಗ ನನಗೆ ಹೆದರಿಕೆಯಾಗುತ್ತಿತ್ತು.

ಆಷಾಢ ಹಿಡಿಯಿತು. ಸೀಬೆಮರವನ್ನು ಗಾಳಿ ಹಿಡಿದು ಅಲ್ಲಾಡಿಸುತ್ತಿದ್ದ ಒಂದು ಭಾನುವಾರ ಪಕ್ಕದ ಮನೆಯ ಲಲಿತಮ್ಮ ನಮ್ಮ ಗೇಟು ತೆಗೆದು ಬಂದರು. ಅವರು ಹೈಸ್ಕೂಲು ಟೀಚರಾಗಿದ್ದು ನಿವೃತ್ತರಾದವರು, ಗಂಡನಿಲ್ಲ. ತಲೆಮಾರುಗಳಿಂದ ಅಲ್ಲೇ ಇದ್ದ ಬ್ರಾಹ್ಮಣರ ಮನೆ. ಅವರ ಮಗಳು ವಿದ್ಯಾ ಬಾಣಂತನಕ್ಕೆ ಬಂದಿರುವುದೂ, ಮಗು ಆಗಿರುವುದೂ ನನಗೆ ಧೂಪದ ಹೊಗೆಯಿಂದಲೇ ತಿಳಿದಿತ್ತು. ಬಂದವರು ಒಳಗೆ ಬರಲಿಲ್ಲ, ಮೆಟ್ಟಿಲ ಬಳಿಯೇ ನಿಂತರು. ಕೋಳಿ ಸಾಕುವುದೇ ಬೇಡ ಎನ್ನಲು ಬಂದಿದ್ದಾರೆ ಎಂದುಕೊಂಡು ನಾನು ಮೈ ಬಿಗಿ ಹಿಡಿದು ನಿಂತೆ.

"ತಪ್ಪು ತಿಳ್ಕೋಬೇಡಿ ಸುಮಿತ್ರಾ" ಅಂದರು. "ಮಗು ರಾತ್ರಿಯೆಲ್ಲಾ ಹೊಟ್ಟೆನೋವಿಂದ ಅಳತ್ತೆ. ಬೆಳಗಿನ ಜಾವಕ್ಕೆ ಒಂಚೂರು ಕಣ್ಣು ಮುಚ್ಚಿದ್ರೆ ಅದೇ ಹೊತ್ತಿಗೆ ನಿಮ್ಮ ಹುಂಜ ಶುರು ಮಾಡತ್ತೆ. ವಿದ್ಯಾಗೆ ನಿದ್ದೆಯಿಲ್ಲದೆ ಹಾಲೇ ಇಳೀತಿಲ್ಲ. ನಿನ್ನೆ ಗೋಡೆಗೆ ತಲೆ ಇಟ್ಕೊಂಡು ಅಳ್ತಿದ್ಲು. ಹೇಳ್ಬೇಕೋ ಬೇಡ್ವೋ ಅಂತ ನಾನೂ ಇಷ್ಟು ದಿನ ತಡೆದೆ."

ಅವರ ಕಣ್ಣಿನ ಸುತ್ತಲೂ ಕಪ್ಪು ಕಟ್ಟಿತ್ತು. ನಮ್ಮ ಹಿತ್ತಿಲ ಗೋಡೆಗೂ ಅವರ ಬಾಣಂತಿ ಕೋಣೆಯ ಕಿಟಕಿಗೂ ನಡುವೆ ಒಬ್ಬರು ನಡೆಯುವಷ್ಟೇ ಓಣಿ. ನಾನು "ನೋಡ್ತೀನಿ" ಎಂದಷ್ಟೇ ಅಂದೆ. ಅದು ಒರಟಾಗಿ ಕೇಳಿಸಿತೇನೋ, ಅವರು ಗೇಟು ಎಳೆದುಕೊಂಡು ಹೋದರು.

ಅಂದು ಸಂಜೆ ದೊರೆಯನ್ನು ಮಂಕರಿಯೊಳಗೆ ಕೂಡಿ ಮೇಲೆ ಗೋಣಿಚೀಲ ಹೊದಿಸಿದೆ. ಬೆಳಗಿನ ಜಾವ ಮಂಕರಿಯೊಳಗಿಂದಲೇ ಕೂಗಿತು. ಮಾರನೆಯ ದಿನ ಬಚ್ಚಲುಮನೆಯೊಳಗೆ ಹಾಕಿ ಬಾಗಿಲೆಳೆದೆ. ಬಚ್ಚಲಿನ ಗೋಡೆಗಳಿಗೆ ಬಡಿದು ಸದ್ದು ಇನ್ನೂ ದೊಡ್ಡದಾಯಿತು. ಆಚೆ ಮಗು ಚೀರಿದ್ದು ಕೇಳಿಸಿತು. ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕಿವಿ ಮುಚ್ಚಿಕೊಂಡೆ. ಅಕ್ಕ ಇದ್ದಿದ್ದರೆ ಓಣಿ ದಾಟಿ ಹೋಗಿ, ಮಗುವನ್ನು ಎತ್ತಿಕೊಂಡು, ಒಂದಿಷ್ಟು ನಗಿಸಿ ಬಂದಿರುತ್ತಿದ್ದಳು. ನನಗೆ ಅದು ಬರುವುದಿಲ್ಲ.

ಆ ಸಂಜೆ ಫೋನು ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದೊರೆಯನ್ನು ಹಳ್ಳಿಗೆ, ಚಿಕ್ಕಪ್ಪನ ಮನೆಗೆ ಕಳಿಸುತ್ತೇನೆ ಎಂದೆ.

"ಕಳಿಸು" ಅಂದಳು. "ಬಾಣಂತಿ ಕಣೆ ಪಾಪ. ಕಳಿಸು."

ದನಿ ಬದಲಾಗಿತ್ತು. ಯಾಕೆಂದು ನಾನು ಕೇಳಲಿಲ್ಲ.

ದೊರೆ ಹೋದ ಮೇಲೆ ಹಿತ್ತಿಲು ತಣ್ಣಗಾಯಿತು. ನಾನಂದುಕೊಂಡಂಥ ನೆಮ್ಮದಿ ಅದಾಗಿರಲಿಲ್ಲ. ಲಾಲ್‌ಬಾಗಿನ ಕಡೆಯಿಂದ ಹದ್ದುಗಳು ದಿನವೂ ನಮ್ಮ ಮೇಲೆ ಸುತ್ತು ಹೊಡೆಯುತ್ತವೆ. ಮೊದಲಾದರೆ ಆಕಾಶದಲ್ಲಿ ನೆರಳು ಕಂಡ ಕೂಡಲೇ ದೊರೆ ಗಂಟಲಲ್ಲೇ ಒಂದು ಸದ್ದು ಮಾಡುತ್ತಿತ್ತು, ಹೇಟೆಗಳೆಲ್ಲ ದಾಸವಾಳದ ಗಿಡದಡಿಗೆ ಓಡುತ್ತಿದ್ದವು. ಈಗ ಹೇಳುವವರಿರಲಿಲ್ಲ. ಒಂದು ದಿನ ಆಫೀಸಿನಿಂದ ಬಂದಾಗ ಎಳೆಯ ಹೇಟೆಯೊಂದು ಕಾಣಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಹಿಡಿ ಬಿಳಿ ಪುಕ್ಕ ಬಿದ್ದಿತ್ತು. ಉಳಿದವು ಗೂಡಿನ ಮೂಲೆಯಲ್ಲಿ ಒತ್ತಿಕೊಂಡು ಕೂತಿದ್ದವು. ಮಾರನೆಯ ದಿನ ತೌಡಿಟ್ಟು ಕರೆದರೂ ಹೊರಗೆ ಬರಲಿಲ್ಲ. ಮೊಟ್ಟೆಯೂ ನಿಂತಿತು. ಅವುಗಳಿಗೆ ಹುಂಜ ಬೇಕಿತ್ತು. ಲಲಿತಮ್ಮನವರ ಮನೆಗೆ ನಿದ್ದೆ ಬೇಕಿತ್ತು. ಎರಡಕ್ಕೂ ಒಪ್ಪುವಂಥ, ಮೆಲ್ಲಗೆ ಕೂಗುವ ಹುಂಜವೊಂದನ್ನು ಹುಡುಕಬೇಕಿತ್ತು.

ನನ್ನ ಜನ್ಮದಲ್ಲಿ ಯಾವುದನ್ನೂ ನಾನಾಗಿ ಆರಿಸಿದವಳಲ್ಲ. ಸೀರೆಯೂ ಅಕ್ಕ ಆರಿಸಿದ್ದೇ. ಶ್ರಾವಣದ ಒಂದು ಶನಿವಾರ ಸಂಜೆ ಬಸ್ಸು ಹತ್ತಿ ಚಿಕ್ಕಪ್ಪನ ಊರಿಗೆ ಹೋದೆ. ಚಿಕ್ಕಪ್ಪ ಕೆಂಪಯ್ಯನಿಗೆ ವಿಷಯ ಕೇಳಿ ನಗು ತಡೆಯಲಾಗಲಿಲ್ಲ.

"ಹುಂಜ ಅಂದ್ಮೇಲೆ ಕೂಗ್ದೆ ಇದ್ದಾತಾ ಮಗಾ? ಕೂಗದ್ ಹುಂಜ ಅಂದ್ರೆ ಸಾರಿನ್ ಮಡಕೇಲಿ ಇರೋದೇಯ."

"ಕೂಗ್ಲಿ ಚಿಕ್ಕಪ್ಪ. ಸ್ವಲ್ಪ ಮೆಲ್ಲಗೆ, ಸ್ವಲ್ಪ ತಡವಾಗಿ ಕೂಗಿದ್ರೆ ಸಾಕು."

"ಹಂಗಾರೆ ಬೆಳಿಗ್ಗೆ ಎದ್ದು ನೀನೇ ಕೇಳ್ಕೊ. ನೋಡಿ ಆರ್ಸೋದಲ್ಲ ಇದು."

ಬೆಳಗಿನ ಜಾವ ಶಾಲು ಹೊದ್ದು ಜಗಲಿಯ ಮೇಲೆ ಕೂತೆ. ತುಂತುರು ಬೀಳುತ್ತಿತ್ತು. ಮೊದಲು ಕೂಗಿದ್ದು ದೊರೆಯೇ. ನನಗೆ ಆ ದನಿ ಕತ್ತಲಲ್ಲೂ ಗುರುತು ಸಿಕ್ಕಿತು. ಚಿಕ್ಕಪ್ಪನ ಕೊಟ್ಟಿಗೆಯ ಮಾಡಿನ ಮೇಲೆ ನಿಂತು, ಆ ಊರಿನಲ್ಲೇ ಹುಟ್ಟಿ ಬೆಳೆದ ಹಾಗೆ ಕೂಗುತ್ತಿತ್ತು. ಅದಕ್ಕೆ ಉತ್ತರವಾಗಿ ಪಕ್ಕದ ಮನೆಗಳಿಂದ ಒಂದೊಂದೇ ಎದ್ದವು. ಒಂದು ಸಣ್ಣ ಜಾತಿಯ ಹುಂಜ ಸೀಟಿ ಹೊಡೆದ ಹಾಗೆ ಚುರುಕಾಗಿ ಕೂಗಿತು. ದನಿ ಸಣ್ಣದು, ಆದರೆ ಬಿಡುವೇ ಕೊಡಲಿಲ್ಲ. ಇನ್ನೊಂದು ಉದ್ದಕ್ಕೆ ಎಳೆದು ಕೊನೆಯಲ್ಲಿ ಕಿರುಚಿತು. ಬೆಳಕಾಯಿತು. ಕೊಟ್ಟಿಗೆಯ ಹಿಂದಿನಿಂದ ಗಿರಿರಾಜ ತಳಿಯ ಬೆರಕೆಯ ದಪ್ಪ ಹುಂಜವೊಂದು ಹೆಜ್ಜೆ ಎತ್ತಿಡುತ್ತ ಬಂತು. ಕೆಮ್ಮಣ್ಣಿನ ಬಣ್ಣ, ಬಾಲ ಮಾತ್ರ ಕಪ್ಪು. ಸುತ್ತ ನೋಡಿತು. ದೊರೆ ದೂರದಲ್ಲಿದೆ ಎಂದು ಖಾತ್ರಿಯಾದ ಮೇಲೆ ಕತ್ತು ಚಾಚಿ ಒಂದೇ ಸಲ ಕೂಗಿತು. ಗೊಗ್ಗರು ದನಿ. ಹಳೆಯ ಬಾಗಿಲನ್ನು ಯಾರೋ ಅರ್ಧ ತೆರೆದು ಬಿಟ್ಟಂತಿತ್ತು. ಆಮೇಲೆ ಕಾಳು ಹೆಕ್ಕತೊಡಗಿತು.

"ಇದು" ಎಂದೆ.

ಚಿಕ್ಕಪ್ಪ ಹುಬ್ಬು ಗಂಟಿಕ್ಕಿದ. "ನೋಡು, ಇಲ್ಲಿ ಬ್ಯಾರೆ ಹುಂಜಗಳ ಭಯಕ್ಕೆ ಸುಮ್ಕಿರ್ತದೆ. ಅಲ್ಲೋಗಿ ಇದೊಂದೇ ಆದ್ಮೇಲೆ ಹೆಂಗೋ ಏನೋ. ನಾನ್ ಮಾತು ಕೊಡಾಕಿಲ್ಲ."

ಬುಟ್ಟಿಯಲ್ಲಿ ಕೂರಿಸಿ, ಹಳೆಯ ಪಂಚೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ದಾರಿಯುದ್ದಕ್ಕೂ ಬುಟ್ಟಿಯ ಬಿಸಿ ನನ್ನ ಮಡಿಲಿಗೆ ತಾಗುತ್ತಿತ್ತು. ಅಕ್ಕ ಹೋದ ಮೇಲೆ ಜೀವವಿರುವ ಯಾವುದೂ ನನ್ನನ್ನು ಅಷ್ಟು ಹೊತ್ತು ತಾಕಿಕೊಂಡಿರಲಿಲ್ಲ.

ಬಂದ ಹೊಸತರಲ್ಲಿ ಹೇಟೆಗಳು ಅದನ್ನು ಕುಕ್ಕಿ ಓಡಿಸಿದವು. ಅದು ಸೀಬೆಮರದ ಬುಡದಲ್ಲಿ ಒಂಟಿಯಾಗಿ ನಿಲ್ಲುತ್ತಿತ್ತು. ದಿನಗಳು ಕಳೆದರೂ ಒಂದು ಸಲವೂ ಕೂಗಲಿಲ್ಲ. ನಾನು ಬೆಳಗಾಗುವ ಮುಂಚೆಯೇ ಎದ್ದು ಅಡುಗೆಮನೆಯ ಕಿಟಕಿಯಲ್ಲಿ ಕಾಯುತ್ತಿದ್ದೆ. ಮೊದಮೊದಲು ಕೂಗದಿರಲಿ ಎಂದು ಕಾದೆ. ಆಮೇಲಾಮೇಲೆ, ಕಾಯಿಲೆ ಬಿದ್ದಿದೆಯೇ, ಮನಸ್ಸು ಮುರಿದಿದೆಯೇ, ಒಂದು ಸಲವಾದರೂ ಕೂಗಬಾರದೇ ಎಂದು ಕಾದೆ. ಆಚೆ ಕಿಟಕಿಯಲ್ಲಿ ದೀಪ ಹತ್ತುತ್ತಿತ್ತು, ಆರುತ್ತಿತ್ತು. ಲಲಿತಮ್ಮ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಶತಪಥ ತಿರುಗುವುದು ಕಾಣುತ್ತಿತ್ತು. ಒಬ್ಬರಿಗೊಬ್ಬರು ಕಾಣುತ್ತಿದ್ದೆವು, ಮಾತಿರಲಿಲ್ಲ.

ಒಂದು ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಂತು. ಹೇಟೆಗಳು ಮೊದಲ ಸಲ ಅದರ ಸುತ್ತ ಮೇಯುತ್ತಿದ್ದವು. ಅದು ಬಟ್ಟೆ ಒಗೆಯುವ ಕಲ್ಲನ್ನು ಹತ್ತಿ ಕತ್ತು ಚಾಚಿತು. ಅದೇ ಗೊಗ್ಗರು ದನಿ, ಒಂದೇ ಸಲ. ಚಪ್ಪಲಿಯಿಲ್ಲದೆ ಗೋಡೆಯ ಬಳಿಗೆ ಓಡಿದೆ.

"ಲಲಿತಮ್ಮನೋರೇ" ಎಂದೆ. ನಾನಾಗಿ ಅವರನ್ನು ಕರೆದದ್ದು ಅದೇ ಮೊದಲು. "ಮಗು ಎದ್ದುಬಿಡ್ತಾ?"

ಅವರು ಕಿಟಕಿಗೆ ಬಂದರು. "ಇಲ್ಲ. ಮಲಗಿದೆ. ಯಾಕೆ?"

"ಈಗ ಕೂಗ್ತಲ್ಲ."

"ಯಾವುದು? ಅದು ಹುಂಜನಾ?" ಅಂದರು. "ಯಾರೋ ಗಂಟ್ಲು ಸರಿ ಮಾಡ್ಕೊಂಡ್ರು ಅಂದ್ಕೊಂಡೆ."

ನನಗೆ ನಗು ಬಂತು. ಅವರೂ ನಕ್ಕರು. ಒಳಗೆ ಮಗು ಮಲಗಿದೆಯೆಂದು ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು.

ಚಿಕ್ಕಪ್ಪ ಹೆದರಿದ ಹಾಗೆ ಆಗಲಿಲ್ಲ. ದಿನ ಕಳೆದಂತೆ ಹುಂಜಕ್ಕೆ ಧೈರ್ಯ ಬಂತು, ಎರಡು ಮೂರು ಸಲ ಕೂಗುತ್ತಿತ್ತು. ದನಿ ಮಾತ್ರ ಏರಲಿಲ್ಲ. ಹದ್ದು ಬಂದಾಗ ಗಂಟಲಲ್ಲಿ ಸದ್ದು ಮಾಡುವುದನ್ನು ಯಾರೂ ಕಲಿಸಬೇಕಾಗಲಿಲ್ಲ.

ಭಾದ್ರಪದದಲ್ಲಿ ಗೌರಿ ಹಬ್ಬ ಬಂತು. ಮದುವೆಯಾದ ಹೆಣ್ಣುಮಗಳಿಗೆ ತವರಿನಿಂದ ಬಾಗಿನ ಕೊಡಬೇಕು. ನಮಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ, ಅಣ್ಣತಮ್ಮಂದಿರಿಲ್ಲ. ಅಕ್ಕನಿಗೆ ತವರು ಎಂದರೆ ನಾನೇ ಎಂಬುದು ಗಾಂಧಿ ಬಜಾರಿನಲ್ಲಿ ಮೊರ, ಬಳೆ, ಬಿಚ್ಚೋಲೆ ಕೊಳ್ಳುತ್ತ ನಿಂತಾಗ ಹೊಳೆಯಿತು. ನನ್ನನ್ನು ಸಾಕಿದವಳಿಗೆ ನಾನು ತವರಾಗಿದ್ದೆ. ಜನಜಂಗುಳಿಯ ನಡುವೆ ಸ್ವಲ್ಪ ಹೊತ್ತು ಏನು ಕೊಳ್ಳಬೇಕೆಂಬುದೇ ಮರೆತುಹೋಯಿತು.

ಹಬ್ಬದ ಹಿಂದಿನ ದಿನವೇ ಅಕ್ಕ ಒಬ್ಬಳೇ ಬಂದಳು. ಮೈ ತುಂಬಿಕೊಂಡಿದ್ದಳು, ಮುಖದಲ್ಲಿ ಕಳೆಯಿತ್ತು. ಒಳಗೆ ಬಂದು ನೆಂಟರು ಕೂರುವ ಕುರ್ಚಿಯಲ್ಲಿ ಕೂತಳು. "ನೀರು ಕೊಡ್ತೀಯಾ ಸುಮಿ?" ಎಂದು ಕೇಳಿದಳು. ತಾನೇ ಎದ್ದು ಹೋಗಿ ಕುಡಿಯಬಹುದಿತ್ತು. ಆಮೇಲೆ ಹಿತ್ತಿಲಿಗೆ ಹೋಗಿ ಬಾ ಬಾ ಎಂದು ಕರೆದಳು. ಹೇಟೆಗಳು ತಲೆಯೆತ್ತಿ ನೋಡಿ ನನ್ನ ಕಾಲ ಬಳಿಗೆ ಬಂದವು.

"ಮರೆತೇಬಿಟ್ವಲ್ಲೇ" ಅಂದಳು.

"ನನ್ನ ಕೈಲಿ ತೌಡಿದೆ, ಅದಕ್ಕೆ."

"ಹೂಂ." ಸೀಬೆಮರಕ್ಕೆ ಒರಗಿ ನಿಂತಳು. "ಇವನೇನಾ ಹೊಸಬ? ನೀನೇ ಆರಿಸಿದ್ದಾ?"

"ನಾನೇ."

ಬೆಳಿಗ್ಗೆ ಅದು ಕೂಗುವುದನ್ನು ಕೇಳಲೆಂದು ನನ್ನ ಜೊತೆ ಎದ್ದು ಕೂತಳು. "ಅಲ್ಲಿ ನಂಗೆ ದಿನಾ ಬೆಳಗಿನ ಜಾವ ಎಚ್ಚರ ಆಗ್ಬಿಡತ್ತೆ ಸುಮಿ" ಅಂದಳು. "ಎದ್ದು ಕೂತ್ರೆ ಯಾವ ಸದ್ದೂ ಇರಲ್ಲ. ಅವ್ರು ಒಳ್ಳೇವ್ರು. ಆದ್ರೂ ಸ್ವಲ್ಪ ಹೊತ್ತು ನಾನೆಲ್ಲಿದೀನಿ ಅಂತ ಗೊತ್ತಾಗಲ್ಲ." ನಾನು ಅವಳ ಕೈ ಹಿಡಿದುಕೊಂಡೆ. ಇಷ್ಟು ದಿನ ಹೀಗಾಗುವುದು ನನಗೊಬ್ಬಳಿಗೇ ಎಂದುಕೊಂಡಿದ್ದೆ. ಬಾಗಿನ ಕೊಟ್ಟು ನಮಸ್ಕಾರ ಮಾಡಲು ಬಗ್ಗಿದಾಗ ಅವಳು ನನ್ನನ್ನು ಎತ್ತಿ ಅಪ್ಪಿಕೊಂಡಳು. ಸಂಜೆ ಭಾವನ ಫೋನು ಬಂತು, ಅಕ್ಕ ಹೊರಟಳು. ಆಟೋ ತಿರುಗುವವರೆಗೂ ಗೇಟಿನಲ್ಲಿ ನಿಂತಿದ್ದೆ.

ಅದಾದ ಮೇಲೆ ಅವಳ ಫೋನು ದಿನ ಬಿಟ್ಟು ದಿನ ಆಯಿತು, ಆಮೇಲೆ ವಾರಕ್ಕೊಮ್ಮೆ. ತುಮಕೂರಿನಲ್ಲಿ ಅವಳಿಗೆ ಗೆಳತಿಯರಾದರು, ಭಜನೆಯ ಗುಂಪು ಸಿಕ್ಕಿತು. ಅಲ್ಲಿ ಎಚ್ಚರವಾದಾಗ ಅವಳು ಇನ್ನು ಕಂಗಾಲಾಗುವುದಿಲ್ಲ ಎಂದು ನಾನೇ ಊಹಿಸಿಕೊಂಡೆ. ಸಂತೋಷಪಡಬೇಕಿತ್ತು. ಪಟ್ಟೆ ಕೂಡ, ಸ್ವಲ್ಪ.

ಕಾರ್ತೀಕದಲ್ಲಿ ವಿದ್ಯಾಳ ಗಂಡ ಬಂದು ತಾಯಿ ಮಗುವನ್ನು ದಾವಣಗೆರೆಗೆ ಕರೆದುಕೊಂಡು ಹೋದರು. ಹೊರಡುವ ಮುಂಚೆ ವಿದ್ಯಾ ಮಗುವನ್ನು ಗೋಡೆಯ ಮೇಲೆ ಕೂರಿಸಿ ನನಗೆ ತೋರಿಸಿದಳು. ಕೆನ್ನೆ ತುಂಬಿಕೊಂಡು ಗುಂಡಗಾಗಿತ್ತು. "ನಿಮಗೆ ತುಂಬಾ ತೊಂದ್ರೆ ಕೊಟ್ವಿ ಆಂಟಿ" ಅಂದಳು. ಇಲ್ಲ ಎಂದು ತಲೆಯಾಡಿಸಿದೆ. ಕಾರು ಹೋದ ಸದ್ದು ಕೇಳಿಸಿತು, ಆಮೇಲೆ ಗೇಟು ಹಾಕಿದ್ದು.

ಎರಡು ಮೂರು ದಿನ ಆಚೆ ಮನೆಯಿಂದ ಪಾತ್ರೆಯ ಸದ್ದೂ ಬರಲಿಲ್ಲ. ಭಾನುವಾರ ಮಧ್ಯಾಹ್ನ ಲಲಿತಮ್ಮ ಕಿಟಕಿಯಿಂದ ಕರೆದರು. "ಸುಮಿತ್ರಾ, ಒಂದು ಕೈ ಹಿಡೀತೀರಾ? ತೊಟ್ಟಿಲು ಇಳಿಸ್ಬೇಕು."

ಅಷ್ಟು ವರ್ಷ ಪಕ್ಕದಲ್ಲಿದ್ದರೂ ಆ ಮನೆಯ ಒಳಕೋಣೆಗೆ ನಾನು ಕಾಲಿಟ್ಟಿರಲಿಲ್ಲ. ಧೂಪದ ವಾಸನೆ ಇನ್ನೂ ಗೋಡೆಯಲ್ಲಿತ್ತು. ತೊಲೆಯ ಕೊಂಡಿಯಿಂದ ಸರಪಳಿ ಬಿಡಿಸುವಾಗ ಅವರು ಒಂದು ಕಡೆ ಹಿಡಿದರು, ನಾನು ಇನ್ನೊಂದು ಕಡೆ. ಮರದ ತೊಟ್ಟಿಲು ಭಾರವಿತ್ತು. ಮೆಲ್ಲಗೆ ನೆಲಕ್ಕಿಟ್ಟೆವು. ಅವರು ಒಳಗಿನ ಹಳೆಯ ಸೀರೆಯನ್ನು ತೆಗೆದು ಮಡಿಸತೊಡಗಿದರು.

"ಇನ್ನು ನಿಮ್ಮ ಹಳೇ ಹುಂಜನ್ನ ತಂದ್ಕೊಳ್ಳಿ" ಅಂದರು. "ಎಷ್ಟು ಬೇಕಾದ್ರೂ ಕೂಗ್ಲಿ."

"ಬೇಡ. ಅದಕ್ಕೆ ಆ ಊರು ಹಿಡಿಸಿದೆ. ನಂಗೂ ಇದು ಹೊಂದ್ಕೊಂಡುಬಿಟ್ಟಿದೆ."

ಕಾಫಿ ತಂದರು. ಕಾಫಿ ಕುಡಿದು ಮುಗಿಯಿತು. ಅವರು ಮಡಿಸಿದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬರುತ್ತೇನೆ ಎಂದು ಎದ್ದೆ.

"ಕೂತ್ಕೊಳ್ಳಿ, ಇನ್ನೂ ಬೆಳಕಿದೆ" ಅಂದರು. "ಏನಾದ್ರೂ ಮಾತಾಡಿ."

"ನಂಗೆ ಮಾತು ಬರಲ್ಲ ಲಲಿತಮ್ಮನೋರೇ."

"ಏನಾದ್ರೂ ಪರವಾಗಿಲ್ಲ. ನಾನು ಕೇಳ್ತೀನಿ."

ಮತ್ತೆ ಕೂತೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಅಕ್ಕನ ಮದುವೆಯ ಮರುದಿನ ಬೆಳಿಗ್ಗೆ ನಾನು ಎರಡು ಲೋಟ ಕಾಫಿ ಬೆರೆಸಿದ್ದನ್ನು ಹೇಳಿದೆ. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಬೀದಿ ದೀಪ ಹತ್ತಿದ ಮೇಲೂ ನಾನು ಹೇಳುತ್ತಲೇ ಇದ್ದೆ.